ಎರಡನೇ ಕ್ವಾರ್ಟರ್‌ಬ್ಯಾಕ್‌ಗೂ ಚೆಂಡು ಎಸೆಯಲು ಬಿಡಿ

ಸಂಪಾದಕರಿಗೆ ನಮಸ್ಕಾರ.

ನಾನು ಕುಂದಾಪುರದ ಕಡೆಯವನು, ಈಗ ಇರುವುದು ಅಮೆರಿಕದ ಓಹಿಯೋ ರಾಜ್ಯದ ಕೊಲಂಬಸ್‌ನಲ್ಲಿ. ನಿಮ್ಮ ಪತ್ರಿಕೆಯನ್ನು ದಿನಾ ಬೆಳಿಗ್ಗೆ ಕಾಫಿ ಜೊತೆ ಫೋನಿನಲ್ಲೇ ಓದುತ್ತೇನೆ. ನಿಮ್ಮ ಕ್ರೀಡಾ ಪುಟದಲ್ಲಿ ಇಲ್ಲಿನ ಕಾಲೇಜ್ ಫುಟ್‌ಬಾಲ್ (ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಆಟ) ಬಗ್ಗೆ ಒಂದಕ್ಷರ ಬರುವುದಿಲ್ಲ, ಬರಬೇಕು ಅಂತ ಜಗಳಕ್ಕೂ ಬಂದಿಲ್ಲ. ಆದರೆ ನಮ್ಮ ಕಡೆಯ ಎಷ್ಟೋ ಮಕ್ಕಳು ಈ ಕಾಲೇಜುಗಳಲ್ಲಿ ಓದುತ್ತಿದ್ದಾರೆ, ಅವರ ಅಪ್ಪ ಅಮ್ಮ ಊರಿಂದ ಬಂದಾಗ ಶನಿವಾರ ಇಡೀ ಈ ಆಟವನ್ನೇ ನೋಡಬೇಕಾಗುತ್ತದೆ. ಇಲ್ಲಿ ಬೇರೆ ದಾರಿ ಇಲ್ಲ. ನಮ್ಮ ರಾಜ್ಯೋತ್ಸವದ ದಿನಾಂಕವನ್ನೂ ಇಲ್ಲಿನ ಓಹಿಯೋ ಸ್ಟೇಟ್ ಕಾಲೇಜಿಗೆ ಅದರ ಬದ್ಧ ಎದುರಾಳಿ ಮಿಶಿಗನ್ ವಿರುದ್ಧದ ಮ್ಯಾಚ್ ಯಾವತ್ತು ಅಂತ ನೋಡಿಕೊಂಡೇ ಇಡಬೇಕು, ಇಲ್ಲಾಂದ್ರೆ ಹಾಲ್ ಖಾಲಿ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನನ್ನ ಭಾವ ಬಂದಿದ್ದರು. ಟಿವಿಯಲ್ಲಿ ಯಾವುದೋ ದೊಡ್ಡ ಕಾಲೇಜು ಒಂದು ಸಣ್ಣ ಕಾಲೇಜನ್ನು ಸರಿಯಾಗಿ ಬಡಿಯುತ್ತಿತ್ತು. ಕ್ಯಾಮೆರಾ ಪದೇ ಪದೇ ಅಂಚಿನಲ್ಲಿ ನಿಂತ ಒಬ್ಬ ಹುಡುಗನ ಕಡೆ ಹೋಗುತ್ತಿತ್ತು. ತಲೆ ಮೇಲೆ ಟೊಪ್ಪಿ, ಕೈಯಲ್ಲಿ ಕಾಗದ, ಬಟ್ಟೆಯಲ್ಲಿ ಒಂದು ಕಲೆ ಇಲ್ಲ. ಭಾವ ಸ್ವಲ್ಪ ಹೊತ್ತು ನೋಡಿ, "ಅಂವ ಎಂತಕೆ ಸುಮ್ನೆ ನಿಂತ್ಕಂಡಿದ್ದ ಮಾರಾಯ?" ಅಂತ ಕೇಳಿದರು. ಅವನು ಎರಡನೇ ಕ್ವಾರ್ಟರ್‌ಬ್ಯಾಕ್, ಮೊದಲನೆಯವನಿಗೆ ಪೆಟ್ಟಾದರೆ ಇಳಿಯುತ್ತಾನೆ ಅಂದೆ. "ಪೆಟ್ಟಾಗದಿದ್ರೆ?" ಅಂದರು. ನಿಂತೇ ಇರುತ್ತಾನೆ ಅಂದೆ. ಭಾವ ಏನೂ ಹೇಳಲಿಲ್ಲ, ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ಪತ್ರ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ 11 ಜನ. ನಾಲ್ಕು ಪ್ರಯತ್ನದಲ್ಲಿ 10 ಯಾರ್ಡ್ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ದಾಳಿ ಮಾಡುವ ತಂಡದಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕಾ, ಓಡುವವನ ಕೈಗೆ ಕೊಡಬೇಕಾ, ತಾನೇ ಓಡಬೇಕಾ ಅಂತ ಅವನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು, ಅಷ್ಟರಲ್ಲಿ ನೂರೈವತ್ತು ಕಿಲೋ ತೂಕದ ಒಬ್ಬ ಅವನ ಮೇಲೆ ಬೀಳಲು ಓಡಿ ಬರುತ್ತಿರುತ್ತಾನೆ. ಉಳಿದ ಎಷ್ಟೋ ಜಾಗಗಳಲ್ಲಿ ಆಟಗಾರರು ಬದಲಾಗುತ್ತಲೇ ಇರುತ್ತಾರೆ, ಸುಸ್ತಾದವನು ಹೊರಗೆ, ಹೊಸಬ ಒಳಗೆ. ಕ್ವಾರ್ಟರ್‌ಬ್ಯಾಕ್ ಮಾತ್ರ ಒಬ್ಬನೇ. ನಮ್ಮ ಕ್ರಿಕೆಟ್‌ನ ವಿಕೆಟ್ ಕೀಪರ್ ಇದ್ದ ಹಾಗೆ, ಎರಡನೆಯವನಿಗೆ ಜಾಗವೇ ಇಲ್ಲ.

ವಿಕೆಟ್ ಕೀಪರ್ ಅಂದಾಗ ನಮ್ಮ ಸಯ್ಯದ್ ಕಿರ್ಮಾನಿ ನೆನಪಾಗುತ್ತಾರೆ. 1971ರಲ್ಲಿ ಇಂಗ್ಲೆಂಡಿಗೆ ಹೋದರು, 1974ರಲ್ಲಿ ಮತ್ತೆ ಹೋದರು, ಎರಡೂ ಸಲ ಫಾರೂಖ್ ಎಂಜಿನಿಯರ್ ಆಡಿದರು, ಇವರು ಪೆವಿಲಿಯನ್‌ನಲ್ಲಿ ಕೂತರು. ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡ್‌ನಲ್ಲಿ. ಎರಡನೇ ಟೆಸ್ಟಿನಲ್ಲೇ ಒಂದು ಇನ್ನಿಂಗ್ಸಿನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆ ಸರಿಗಟ್ಟಿದರು. ನೋಡಿದಿರಾ, ಐದು ವರ್ಷ ಕೂತವರು ಬಂದ ಕೂಡಲೇ ಮಿಂಚಲಿಲ್ಲವಾ, ಹಾಗೇ ಈ ಹುಡುಗರೂ ಕಾಯಲಿ ಅಂತ ಯಾರಾದರೂ ಹೇಳಬಹುದು. ಆದರೆ ಕಿರ್ಮಾನಿ ಸುಮ್ನೆ ಕೂತಿರಲಿಲ್ಲ. ಆ ಐದು ವರ್ಷವೂ ನಮ್ಮ ರಾಜ್ಯದ ತಂಡಕ್ಕೆ ರಣಜಿ ಆಡುತ್ತಿದ್ದರು. ಪ್ರಸನ್ನ, ಚಂದ್ರಶೇಖರ್ ಬೌಲಿಂಗಿಗೆ ಕೀಪಿಂಗ್ ಮಾಡಿ ಕೈ ಪಳಗಿಸಿಕೊಂಡಿದ್ದರು. ಕಾಲೇಜ್ ಫುಟ್‌ಬಾಲಿನ ಎರಡನೇ ಹುಡುಗನಿಗೆ ರಣಜಿ ಇಲ್ಲ. ನನ್ನ ವಾದದ ಬುಡ ಇದೇ.

ಇಲ್ಲಿ ಹೈಸ್ಕೂಲಿನಲ್ಲಾದರೂ ಒಂದು ವ್ಯವಸ್ಥೆ ಇದೆ. ಶುಕ್ರವಾರ ರಾತ್ರಿ ದೊಡ್ಡ ತಂಡದ ಮ್ಯಾಚ್, ಶನಿವಾರ ಬೆಳಿಗ್ಗೆ ಕಿರಿಯರ ತಂಡದ ಮ್ಯಾಚ್. ನಮ್ಮ ಪಕ್ಕದ ಮನೆ ಹುಡುಗ ಹಾಗೇ ಆಡುತ್ತಾನೆ, ನಾನೂ ಕಾಫಿ ಫ್ಲಾಸ್ಕ್ ಹಿಡಿದು ಹೋಗಿ ಕೂರುತ್ತೇನೆ, ಒಟ್ಟು ಅರವತ್ತು ಎಪ್ಪತ್ತು ಜನ ಇರುತ್ತೇವೆ ಅಷ್ಟೇ. ಅಲ್ಲಿ ಅವನು ತಪ್ಪು ಮಾಡಬಹುದು, ಬೀಳಬಹುದು, ಏಳಬಹುದು. ಅದೇ ಹುಡುಗ ನಾಳೆ ದೊಡ್ಡ ಕಾಲೇಜಿಗೆ ಹೋದರೆ ಅಂಥ ಶನಿವಾರ ಬೆಳಿಗ್ಗೆ ಇಲ್ಲವೇ ಇಲ್ಲ. ಇರುವುದು ಬರೀ ಪ್ರಾಕ್ಟೀಸು. ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಮಾಡಿಸಬಾರದು ಅಂತ ನಿಯಮ ಇದೆ. ಆ ಹೊತ್ತಿನಲ್ಲಿ ಮೊದಲ ತಂಡದ ಜೊತೆ ಆಡುವ ಅವಕಾಶ ಬಹುಪಾಲು ಮೊದಲನೆಯವನಿಗೇ ಹೋಗುತ್ತದೆ. ಎರಡನೆಯವನು ಎರಡನೇ ಸಾಲಿನ ಲೈನ್‌ಮನ್‌ಗಳ (ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯ ಹಾಗೆ ನಿಂತು ಅವನನ್ನು ಕಾಯುವವರು) ಹಿಂದೆ ನಿಂತು, ಚೆಂಡು ಹಿಡಿಯುವ ಎರಡನೇ ಸಾಲಿನವರಿಗೆ ಎಸೆಯುತ್ತಾನೆ. ಇನ್ನೂ ಒಂದು ವಿಷಯ ಇದೆ, ಇದನ್ನು ಟಿವಿಯವರು ಹೇಳುವುದೇ ಇಲ್ಲ. ಪ್ರಾಕ್ಟೀಸಿನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಬೇರೆ ಬಣ್ಣದ ಜೆರ್ಸಿ ಹಾಕಿರುತ್ತಾರೆ, ಅಂದರೆ ಇವನನ್ನು ಯಾರೂ ಕೆಡವಬಾರದು ಅಂತ ಅರ್ಥ. ಪೆಟ್ಟಾಗಬಾರದಲ್ವಾ, ಅದು ಸರಿಯೇ. ಆದರೆ ಇದರಿಂದ ಆಗುವುದೇನು ಅಂದರೆ ಬೆಂಚಿನ ಹುಡುಗ ಒಂದು ವರ್ಷ, ಕೆಲವು ಸಲ ಎರಡು ವರ್ಷ, ಒಂದು ಏಟನ್ನೂ ತಿಂದಿರುವುದಿಲ್ಲ. ಆಮೇಲೆ ಒಂದು ದಿನ ಎಪ್ಪತ್ತು ಸಾವಿರ ಜನ ಕಿರುಚುವಾಗ, ಸೋಲುವ ಸ್ಥಿತಿಯಲ್ಲಿ, ಹೋಗು ಆಡು ಅಂತ ತಳ್ಳುತ್ತಾರೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಅದನ್ನೇ ಇವರು ಪದ್ಧತಿ ಮಾಡಿಕೊಂಡು ಕೂತಿದ್ದಾರೆ.

2021ರ ಅಕ್ಟೋಬರಿನಲ್ಲಿ ಅಯೋವಾ ಮತ್ತು ಪೆನ್ ಸ್ಟೇಟ್ ಕಾಲೇಜುಗಳ ಮ್ಯಾಚ್ ನಡೆಯಿತು. ಆಗ ಇಡೀ ದೇಶದಲ್ಲಿ ಅಯೋವಾ 3ನೇ ಸ್ಥಾನ, ಪೆನ್ ಸ್ಟೇಟ್ 4ನೇ ಸ್ಥಾನ. ಪೆನ್ ಸ್ಟೇಟ್ 17-3 ಮುಂದಿತ್ತು. ಆಗ ಅವರ ಮೊದಲ ಕ್ವಾರ್ಟರ್‌ಬ್ಯಾಕ್ ಶಾನ್ ಕ್ಲಿಫರ್ಡ್ ಪೆಟ್ಟಾಗಿ ಹೊರಗೆ ಹೋದ, ಎರಡನೆಯವ ಟಾಕ್ವಾನ್ ರಾಬರ್ಸನ್ ಇಳಿದ. ಆಮೇಲೆ ಆಗಿದ್ದನ್ನು ನೋಡಲು ಕಷ್ಟವಾಯಿತು. ಚೆಂಡು ಬರುವ ಮೊದಲೇ ಅವರ ಲೈನ್‌ಮನ್‌ಗಳು ಮತ್ತೆ ಮತ್ತೆ ಅಲುಗಾಡಿ ಐದೈದು ಯಾರ್ಡ್ ದಂಡ ಕಟ್ಟಿದರು. ಯಾಕೆ ಗೊತ್ತಾ? ಕ್ವಾರ್ಟರ್‌ಬ್ಯಾಕ್ ಕೂಗುವುದಕ್ಕೆ ಒಂದು ತಾಳ ಇರುತ್ತದೆ, ಆ ತಾಳಕ್ಕೆ ಐದು ಜನ ಲೈನ್‌ಮನ್‌ಗಳು ಹೊಂದಿಕೊಂಡಿರುತ್ತಾರೆ. ಧ್ವನಿ ಬದಲಾದರೆ ತಾಳ ತಪ್ಪುತ್ತದೆ. ಜೊತೆಗೆ ಅಯೋವಾ ಜನರ ಗಲಾಟೆ ಬೇರೆ. ಪೆನ್ ಸ್ಟೇಟ್ 23-20ರಲ್ಲಿ ಸೋತಿತು. ಎಲ್ಲರೂ ಆ ಹುಡುಗನನ್ನು ಬೈದರು, ನನಗೆ ಅವನ ಮೇಲೆ ಒಂದು ಚೂರೂ ಸಿಟ್ಟು ಬರಲಿಲ್ಲ. ಆ ಐದು ಜನ ಅವನ ಧ್ವನಿಗೆ ಮ್ಯಾಚಿನ ಒತ್ತಡದಲ್ಲಿ ಮೊದಲೇ ಹತ್ತು ಹದಿನೈದು ಸಲವಾದರೂ ಆಡಿದ್ದರೆ ಕಥೆ ಬೇರೆ ಇರುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ನಮ್ಮ ಊರಿನ ಓಹಿಯೋ ಸ್ಟೇಟ್ ಕಥೆ ಇನ್ನೂ ಸ್ವಾರಸ್ಯ. 2012ರಲ್ಲಿ ಪರ್ಡ್ಯೂ ವಿರುದ್ಧ ಮೊದಲನೆಯವ ಬ್ರ್ಯಾಕ್ಸ್‌ಟನ್ ಮಿಲ್ಲರ್ ಪೆಟ್ಟಾಗಿ ಹೊರಗೆ ಹೋದಾಗ ಕೆನ್ನಿ ಗಿಟನ್ ಅನ್ನುವವನು ಬಂದ. ನಾನು ಇನ್ನು ಮುಗೀತು ಅಂತ ಟಿವಿ ಆರಿಸಿ ಇಂಡಿಯನ್ ಅಂಗಡಿಗೆ ಕರಿಬೇವು ತರಲು ಹೊರಟಿದ್ದೆ. ಅವನು ಮೂರು ಸೆಕೆಂಡ್ ಉಳಿದಿರುವಾಗ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಆರು ಅಂಕ) ಮಾಡಿಸಿ, ಸಮ ಮಾಡಿ, ಹೆಚ್ಚುವರಿ ಆಟದಲ್ಲಿ 29-22ರಿಂದ ಗೆಲ್ಲಿಸಿದ. ಆ ವರ್ಷ ತಂಡ 12ಕ್ಕೆ 12 ಗೆದ್ದಿತು. ಮರುವರ್ಷ ಮಿಲ್ಲರ್ ಮೊಣಕಾಲು ನೋವಿನಿಂದ ಕೂತಾಗ ಗಿಟನ್ ಮತ್ತೆ ಆಡಿದ. ಫ್ಲಾರಿಡಾ ಎ ಅಂಡ್ ಎಂ ವಿರುದ್ಧ 76-0ರಲ್ಲಿ ಗೆದ್ದ ಮ್ಯಾಚಿನಲ್ಲಿ ಆರು ಟಚ್‌ಡೌನ್ ಪಾಸ್ ಎಸೆದು ಕಾಲೇಜಿನ ದಾಖಲೆ ಬರೆದ. ಆಗ ಇಲ್ಲಿನವರು ನಮಗೆ ಇಬ್ಬರು ಇದ್ದಾರೆ ಅಂತ ಬೀಗುತ್ತಿದ್ದರು. ಸರಿ, ಗಿಟನ್ ಓದು ಮುಗಿಸಿ ಹೋದ. 2014ರ ಆಗಸ್ಟಿನಲ್ಲಿ ಮಿಲ್ಲರ್ ಭುಜಕ್ಕೆ ಮತ್ತೆ ಪೆಟ್ಟಾಗಿ ಇಡೀ ವರ್ಷ ಹೊರಗೆ. ಬೆಂಚಿನ ಕಡೆ ತಿರುಗಿ ನೋಡಿದರೆ ಜೆ.ಟಿ. ಬ್ಯಾರೆಟ್ ಕೂತಿದ್ದ, ಅವನು ಅಲ್ಲಿವರೆಗೆ ಕಾಲೇಜ್ ಮ್ಯಾಚ್ ಒಂದನ್ನೂ ಆಡಿರಲಿಲ್ಲ. ಎರಡನೇ ಮ್ಯಾಚಿನಲ್ಲೇ ಮನೆಯಂಗಳದಲ್ಲಿ ವರ್ಜೀನಿಯಾ ಟೆಕ್ ಬಂದು 35-21ರಿಂದ ಹೊಡೆದು ಹೋಯಿತು. ಬ್ಯಾರೆಟ್ ಮೂರು ಸಲ ಚೆಂಡನ್ನು ಎದುರಾಳಿ ಕೈಗೇ ಎಸೆದ. ನಾನು ಆ ದಿನ ಸ್ಟೇಡಿಯಂನಲ್ಲಿದ್ದೆ, ಲಕ್ಷಕ್ಕೂ ಜಾಸ್ತಿ ಜನ ಸದ್ದಿಲ್ಲದೆ ಎದ್ದು ಹೋಗುವುದನ್ನು ಅವತ್ತೇ ಮೊದಲು ನೋಡಿದ್ದು.

ಇಲ್ಲಿ ಯಾರಾದರೂ ನನ್ನ ಬಾಯಿ ಮುಚ್ಚಿಸಲು ಕಾರ್ಡೇಲ್ ಜೋನ್ಸ್ ಹೆಸರು ಹೇಳಿಯೇ ಹೇಳುತ್ತಾರೆ. ಹೇಳಲಿ, ಆ ಕಥೆ ನನಗೂ ಇಷ್ಟ. ಅದೇ 2014ರ ನವೆಂಬರ್ ಕೊನೆಗೆ, ಅಷ್ಟರಲ್ಲಿ ಚೆನ್ನಾಗಿ ಪಳಗಿದ್ದ ಬ್ಯಾರೆಟ್ ಮಿಶಿಗನ್ ವಿರುದ್ಧ ಪಾದದ ಗಂಟು ಮುರಿದುಕೊಂಡ. ಮೂರನೆಯವ ಕಾರ್ಡೇಲ್ ಬಂದ. ಮುಂದಿನ ವಾರ ವಿಸ್ಕಾನ್ಸಿನ್ ವಿರುದ್ಧ 59-0, ಹೊಸ ವರ್ಷದ ದಿನ ಅಲಬಾಮಾ ವಿರುದ್ಧ 42-35, ಜನವರಿ 12ರಂದು ಓರೆಗಾನ್ ವಿರುದ್ಧ 42-20. ರಾಷ್ಟ್ರೀಯ ಪ್ರಶಸ್ತಿ ಮನೆಗೆ ಬಂತು. ಅವನು ಕಾಲೇಜಿನಲ್ಲಿ ಮೊದಲಿನಿಂದ ಆಡಿದ ಮೊದಲ ಮೂರು ಮ್ಯಾಚ್‌ಗಳು ಇವೇ. ಅದಕ್ಕೂ ಮೊದಲು ಅವನು ಎಸೆದ ಪಾಸ್‌ಗಳು ಬಹಳ ಕಡಿಮೆ. ಸರಿ, ಇದು ಆಗಿದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಲಾಟರಿ ಹೊಡೆದವನ ಕಥೆ ಕೇಳಿ ಯಾರೂ ಸಂಬಳ ಬಿಡುವುದಿಲ್ಲ. ಕಾರ್ಡೇಲ್ ಒಬ್ಬನ ಹೆಸರು ಹೇಳಿಕೊಂಡು ಕೋಚ್‌ಗಳು ಹತ್ತು ವರ್ಷದಿಂದ ಸೋಮಾರಿಗಳಾಗಿದ್ದಾರೆ ಅಂತ ನನ್ನ ಅಭಿಪ್ರಾಯ. ಇದನ್ನು ಇಲ್ಲಿ ಜೋರಾಗಿ ಹೇಳಿದರೆ ಮನೆ ಮುಂದೆ ಕಾರು ನಿಲ್ಲಿಸಲೂ ಬಿಡಲಿಕ್ಕಿಲ್ಲ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇದರ ಪಕ್ಕದಲ್ಲಿ 2018ರ ಜನವರಿ 8 ಇಟ್ಟು ನೋಡಿ. ಅಲಬಾಮಾ ಮತ್ತು ಜಾರ್ಜಿಯಾ ಫೈನಲ್. ಅರ್ಧ ಆಟಕ್ಕೆ ಅಲಬಾಮಾ 13-0 ಹಿಂದೆ. ಕೋಚ್ ನಿಕ್ ಸೇಬನ್ ಎರಡು ವರ್ಷದಿಂದ ಗೆಲ್ಲಿಸುತ್ತಿದ್ದ ಜೇಲನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಹುಡುಗ ಟೂವಾ ಟಾಗೊವೈಲೋವನನ್ನು ಇಳಿಸಿದರು. ಹೆಚ್ಚುವರಿ ಆಟದಲ್ಲಿ ಮೊದಲು 16 ಯಾರ್ಡ್ ಹಿಂದೆ ಬಿದ್ದು, ಮರುಕ್ಷಣವೇ 41 ಯಾರ್ಡ್ ಎಸೆದು 26-23ರಲ್ಲಿ ಗೆಲ್ಲಿಸಿದ. ಎಲ್ಲರೂ ಅದನ್ನು ಸೇಬನ್ ಧೈರ್ಯ ಅಂದರು. ಧೈರ್ಯ ಹೌದು, ಆದರೆ ಕುರುಡು ಧೈರ್ಯ ಅಲ್ಲ. ಟೂವಾ ಆ ವರ್ಷ ಅಷ್ಟರಲ್ಲಾಗಲೇ ಐವತ್ತಕ್ಕೂ ಜಾಸ್ತಿ ಪಾಸ್ ಎಸೆದಿದ್ದ. ಸುಲಭದ ಮ್ಯಾಚ್‌ಗಳಲ್ಲಿ ಅವನನ್ನು ಇಳಿಸಿ ಚೆಂಡು ಓಟಗಾರನ ಕೈಗೆ ಕೊಡಿಸಿ ಹೊತ್ತು ಕಳೆಯಲಿಲ್ಲ, ಎಸೆಯಲು ಬಿಟ್ಟಿದ್ದರು. ಅವನು ಎಡಗೈಯವನು ಬೇರೆ. ಎಡಗೈಯವನ ಚೆಂಡು ಉಲ್ಟಾ ತಿರುಗುತ್ತದೆ, ಹಿಡಿಯುವವನಿಗೆ ಅಭ್ಯಾಸ ಬೇಕು, ಅವನ ಬೆನ್ನ ಹಿಂದಿನಿಂದ ಬರುವ ಅಪಾಯವೂ ಇನ್ನೊಂದು ಕಡೆಯಿಂದ ಬರುತ್ತದೆ. ಇದೆಲ್ಲ ಫೈನಲ್ ದಿನ ಕಲಿಯುವ ವಿಷಯವಾ?

ಆ ಕಥೆಗೆ ಬಾಲ ಒಂದಿದೆ. ಅದೇ ವರ್ಷ ಡಿಸೆಂಬರಿನಲ್ಲಿ ಅದೇ ಜಾರ್ಜಿಯಾ ವಿರುದ್ಧ, ಅದೇ ಅಟ್ಲಾಂಟಾದ ಅದೇ ಮೈದಾನದಲ್ಲಿ ಟೂವಾ ಪೆಟ್ಟಾಗಿ ಹೊರಗೆ ಹೋದ. ಈಗ ಬೆಂಚಿನಿಂದ ಎದ್ದು ಬಂದವನು ಹರ್ಟ್ಸ್. 35-28ರಲ್ಲಿ ಗೆಲ್ಲಿಸಿದ. ಅವನನ್ನೂ ಸೇಬನ್ ಆ ವರ್ಷ ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ, ಮ್ಯಾಚ್ ಮೇಲೆ ಮ್ಯಾಚ್ ಇಳಿಸಿದ್ದರು.

ಈಗ ಎದುರು ಕಡೆಯ ಮಾತು. ಇಲ್ಲಿ ಒಂದು ಹಳೆಯ ಮಾತಿದೆ, ಇಬ್ಬರು ಕ್ವಾರ್ಟರ್‌ಬ್ಯಾಕ್ ಇದ್ದಾರೆ ಅಂದರೆ ಒಬ್ಬನೂ ಇಲ್ಲ ಅಂತ. ಇದರಲ್ಲಿ ಹುರುಳಿಲ್ಲ ಅಂತಲ್ಲ. 2015ರಲ್ಲಿ ನಮ್ಮದೇ ಓಹಿಯೋ ಸ್ಟೇಟ್‌ನಲ್ಲಿ ಕಾರ್ಡೇಲ್, ಬ್ಯಾರೆಟ್ ಇಬ್ಬರೂ ಇದ್ದರು. ಯಾರು ಮೊದಲನೆಯವ ಅಂತ ತೀರ್ಮಾನವಾಗದೆ ಸೀಸನ್ನಿನ ಮೊದಲರ್ಧ ತಂಡ ತಡವರಿಸಿತು. ಇಬ್ಬರೂ ಒಂದು ತಪ್ಪು ಮಾಡಿದರೆ ಇನ್ನೊಬ್ಬ ಬರುತ್ತಾನೆ ಅಂತ ಹೆದರಿ ಆಡಿದ ಹಾಗೆ ಕಾಣುತ್ತಿತ್ತು. ಆದರೆ ನಾನು ಕೇಳುತ್ತಿರುವುದು ಅದನ್ನಲ್ಲ. ಮೊದಲನೆಯವ ಮೊದಲನೆಯವನೇ. ಅವನ ಕುರ್ಚಿಗೆ ಯಾರೂ ಕೈ ಹಾಕಬೇಡಿ. ಎರಡನೆಯವನು ಇಂಥ ಹೊತ್ತಿಗೆ ಬರುತ್ತಾನೆ, ಇಷ್ಟು ಹೊತ್ತು ಆಡುತ್ತಾನೆ, ಏನೇ ಆದರೂ ವಾಪಸ್ ಹೋಗುತ್ತಾನೆ ಅಂತ ವಾರದ ಮೊದಲೇ ಇಬ್ಬರಿಗೂ ಗೊತ್ತಿದ್ದರೆ ಹೆದರಿಕೆಯ ಮಾತೇ ಇಲ್ಲ.

1999ರಲ್ಲಿ ಮಿಶಿಗನ್ ಕೋಚ್ ಲಾಯ್ಡ್ ಕಾರ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಮೊದಲ ಕ್ವಾರ್ಟರ್, ಅಂದರೆ ಆಟದ ಮೊದಲ ಕಾಲು ಭಾಗ, ಟಾಮ್ ಬ್ರೇಡಿ, ಎರಡನೇ ಕ್ವಾರ್ಟರ್ ಡ್ರೂ ಹೆನ್ಸನ್, ಚೆನ್ನಾಗಿ ಆಡಿದವನಿಗೆ ಉಳಿದರ್ಧ. ಸ್ವಲ್ಪ ಮ್ಯಾಚ್ ಆದ ಮೇಲೆ ಬ್ರೇಡಿಯೇ ಗಟ್ಟಿ ಅಂತ ನಿಂತಿತು, ಆ ವರ್ಷ ತಂಡ 10 ಗೆದ್ದು 2 ಸೋತಿತು. ನನಗೆ ಆ ಪದ್ಧತಿ ಇಷ್ಟವಿಲ್ಲ, ಅದು ಅಣ್ಣತಮ್ಮಂದಿರ ಮಧ್ಯೆ ಗದ್ದೆ ಪಾಲು ಮಾಡಿದ ಹಾಗೆ. ಮಿಶಿಗನ್ ವಿಷಯ ಇಲ್ಲಿಗೆ ಸಾಕು, ಇದಕ್ಕಿಂತ ಜಾಸ್ತಿ ಬರೆದರೆ ನನಗೇ ಆಗುವುದಿಲ್ಲ.

ನಾನು ಕೇಳುವುದು ಇಷ್ಟು. ಸೀಸನ್ನಿನ ಮೊದಲ ನಾಲ್ಕು ಮ್ಯಾಚ್‌ಗಳಲ್ಲಿ, ಎರಡನೇ ಕ್ವಾರ್ಟರಿನಲ್ಲಿ ಒಂದು ಸಲ, ಚೆಂಡು ನಮ್ಮ ಕೈಗೆ ಬಂದಾಗ ಆ ಪೂರ್ತಿ ಸರದಿಯನ್ನು ಎರಡನೆಯವನಿಗೆ ಕೊಡಿ. ಮೊದಲ ಸಾಲಿನ ಲೈನ್‌ಮನ್‌ಗಳೇ ಇರಲಿ, ಮೊದಲ ಸಾಲಿನವರಿಗೇ ಅವನು ಎಸೆಯಲಿ. ಸ್ಕೋರ್ 45-0 ಆಗುವವರೆಗೆ ಕಾಯಬೇಡಿ. ನಾಲ್ಕು ಅಂತ ಯಾಕೆ ಅಂದರೆ ಅದಕ್ಕೆ ನಿಯಮದ ಬೆಂಬಲವೂ ಇದೆ. 2018ರಿಂದ ಒಬ್ಬ ಹುಡುಗ ನಾಲ್ಕು ಮ್ಯಾಚ್‌ವರೆಗೆ ಆಡಿದರೂ, ಕಾಲೇಜಿನಲ್ಲಿ ಆಡಲು ಅವನಿಗೆ ಸಿಗುವ ವರ್ಷಗಳಲ್ಲಿ ಒಂದು ಖರ್ಚಾಯಿತು ಅಂತ ಲೆಕ್ಕ ಹಿಡಿಯುವುದಿಲ್ಲ. ಅದಕ್ಕೂ ಮೊದಲು ಒಂದೇ ಒಂದು ಮ್ಯಾಚಿಗೆ ಇಳಿಸಿದರೂ ವರ್ಷ ಹೋದಂತೆ, ಆಗ ಕೋಚ್‌ಗಳು ಹಿಂಜರಿದದ್ದಕ್ಕೆ ಅರ್ಥ ಇತ್ತು. ಈಗ ಆ ನೆಪವೂ ಇಲ್ಲ.

ಈಗ ನಡೆಯುವುದು ಹೇಗಿದೆ ಅಂದರೆ, ದೊಡ್ಡ ಕಾಲೇಜು ಸಣ್ಣ ಕಾಲೇಜಿಗೆ ದುಡ್ಡು ಕೊಟ್ಟು ಮ್ಯಾಚಿಗೆ ಕರೆಯುತ್ತದೆ, ಕೆಲವು ಸಲ 10 ಲಕ್ಷ ಡಾಲರಿಗೂ ಜಾಸ್ತಿ. ಆರು ಟಚ್‌ಡೌನ್ ಮುಂದೆ ಹೋದ ಮೇಲೆ ನಾಲ್ಕನೇ ಕ್ವಾರ್ಟರಿನಲ್ಲಿ ಎರಡನೆಯವನು ಬರುತ್ತಾನೆ. ಜೊತೆಗೆ ಇಡೀ ಎರಡನೇ ತಂಡವೂ ಬರುತ್ತದೆ. ಅವನಿಗೆ ಎಸೆಯಲು ಬಿಡುವುದಿಲ್ಲ, ಯಾಕೆಂದರೆ ಸೋತು ಸುಣ್ಣವಾದವರ ಮೇಲೆ ಇನ್ನೂ ಎಸೆದರೆ ಎದುರು ಕೋಚಿಗೆ ಅವಮಾನವಂತೆ. ಹಾಗಾಗಿ ಚೆಂಡು ತೆಗೆದುಕೋ, ಓಟಗಾರನ ಕೈಗೆ ಕೊಡು, ಗಡಿಯಾರ ಓಡಲಿ. ಹತ್ತು ಸಲ ಹೀಗೆ ಮಾಡಿ ಆಟ ಮುಗಿಯುತ್ತದೆ. ಲೆಕ್ಕದಲ್ಲಿ ಅವನು ಒಂದು ಮ್ಯಾಚ್ ಆಡಿದ. ಕಲಿತದ್ದು ಸೊನ್ನೆ. ಎದುರಿನವರ ಮರ್ಯಾದೆ ಉಳಿಸುವುದು ಒಳ್ಳೆಯ ಗುಣವೇ, ನನಗೂ ಅದು ಹಿಡಿಸುತ್ತದೆ. ಅದಕ್ಕೇ ಹೇಳುತ್ತಿರುವುದು, ಸ್ಕೋರ್ 10-7 ಇರುವಾಗ ಇಳಿಸಿ, ಆಗ ಎಸೆದರೆ ಯಾರಿಗೂ ಅವಮಾನ ಇಲ್ಲ.

ನಮ್ಮ ಕಡೆ ಯಕ್ಷಗಾನ ಮೇಳದವರು ಇದನ್ನು ಎಂದೋ ಕಂಡುಕೊಂಡಿದ್ದರು. ಇಡೀ ರಾತ್ರಿಯ ಆಟದಲ್ಲಿ ಪೂರ್ವರಂಗಕ್ಕೆ ಕೋಡಂಗಿ, ಬಾಲಗೋಪಾಲ ವೇಷ ಹಾಕುವವರು ಹೊಸ ಹುಡುಗರು. ಆ ಹೊತ್ತಿಗೆ ಪದ ಹೇಳುವವನೂ ದೊಡ್ಡ ಭಾಗವತ ಅಲ್ಲ, ಕಲಿಯುವವನು. ಸಭೆ ಎದುರಿಗಿದೆ, ಚೆಂಡೆ ಮದ್ದಳೆ ನಿಜವಾದದ್ದೇ, ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಬೆಳಗಿನ ಜಾವ ದೊಡ್ಡ ವೇಷದವರು ಕುಣಿದು ಸುಸ್ತಾಗಿ ಜನ ಅರ್ಧ ನಿದ್ದೆಯಲ್ಲಿರುವಾಗ, ಇನ್ನು ನೀವು ಕುಣಿದು ಕಲಿಯಿರಿ ಅಂತ ಹುಡುಗರನ್ನು ರಂಗಕ್ಕೆ ಬಿಡುತ್ತಿರಲಿಲ್ಲ. ಭಾವನಿಗೆ ಇದನ್ನು ಹೇಳಿದ್ದೇ ತಡ, ಆಟ ಪೂರ್ತಿ ಅರ್ಥವಾದ ಹಾಗೆ ತಲೆ ಆಡಿಸಿದರು.

ಇನ್ನೊಂದು ದೊಡ್ಡ ಕಾರಣ ಈ ಹುಡುಗರು ಈಗ ಕಾಯುವುದಿಲ್ಲ. ಮೊದಲು ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಿಂದ ಅದು ಸಡಿಲವಾಯಿತು, ಅದೇ ವರ್ಷ ಹುಡುಗರು ತಮ್ಮ ಹೆಸರಿನಿಂದ ದುಡ್ಡು ಮಾಡಿಕೊಳ್ಳಲೂ ಅನುಮತಿ ಸಿಕ್ಕಿತು. ಬೆಂಚಿನಲ್ಲಿ ಕೂರುವವನು ಇನ್ನೊಂದು ಕಡೆ ಮೊದಲನೆಯವನಾಗಬಹುದು, ದುಡ್ಡೂ ಜಾಸ್ತಿ. ಯಾಕೆ ಕೂರುತ್ತಾನೆ? ಜೋ ಬರೋ ನೆನಪಿದೆಯಾ, ಈಗ ಸಿನ್ಸಿನಾಟಿ ಬೆಂಗಾಲ್ಸ್‌ಗೆ ಆಡುವವನು. ನಮ್ಮ ಓಹಿಯೋ ಹುಡುಗ, ಓಹಿಯೋ ಸ್ಟೇಟ್‌ನಲ್ಲಿ ಮೂರು ವರ್ಷ ಇದ್ದ. ಅಷ್ಟರಲ್ಲಿ ಅವನಿಗೆ ಸಿಕ್ಕಿದ್ದು 39 ಪಾಸ್. ಮಧ್ಯದಲ್ಲಿ 2017ರ ಆಗಸ್ಟಿನಲ್ಲಿ ಕೈ ಮುರಿದುಕೊಂಡ, ಎರಡನೇ ಜಾಗ ಡ್ವೇನ್ ಹ್ಯಾಸ್ಕಿನ್ಸ್‌ಗೆ ಹೋಯಿತು. ನವೆಂಬರಿನಲ್ಲಿ ಮಿಶಿಗನ್ ವಿರುದ್ಧ 20-14 ಹಿಂದಿರುವಾಗ ಬ್ಯಾರೆಟ್‌ಗೆ ಮೊಣಕಾಲು ಕೈಕೊಟ್ಟಿತು, ಹ್ಯಾಸ್ಕಿನ್ಸ್ ಇಳಿದು 31-20ರಲ್ಲಿ ಗೆಲ್ಲಿಸಿದ. ಮುಂದಿನ ವರ್ಷದ ಕುರ್ಚಿ ಅಲ್ಲೇ ಅರ್ಧ ತೀರ್ಮಾನವಾಯಿತು. ಬರೋ 2018ರಲ್ಲಿ ಲೂಸಿಯಾನಾಕ್ಕೆ ಹೋದ, 2019ರಲ್ಲಿ ಅಲ್ಲಿನ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ತಂಡಕ್ಕೆ 15ಕ್ಕೆ 15 ಗೆದ್ದುಕೊಟ್ಟ. ಹ್ಯಾಸ್ಕಿನ್ಸ್ ಚೆನ್ನಾಗಿಯೇ ಆಡಿದ, ಆದ್ದರಿಂದ ಇಲ್ಲಿ ತಪ್ಪಾಯಿತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಹೊಟ್ಟೆ ಉರಿಯಿತು ಅಂತ ಮಾತ್ರ ಹೇಳಬಲ್ಲೆ.

ಆಡಿಸಿದರೂ ಹೋಗುತ್ತಾರಲ್ಲ ಅಂತ ಕೇಳಬಹುದು. ಹೌದು, ಹೋಗುತ್ತಾರೆ. ಆ ಪೆನ್ ಸ್ಟೇಟ್‌ನವರು 2021ರ ಪಾಠ ಕಲಿತ ಹಾಗೆ ಕಾಣುತ್ತದೆ. 2024ರಲ್ಲಿ ಎರಡನೆಯವ ಬೋ ಪ್ರಿಬುಲಾನನ್ನು ಮ್ಯಾಚ್ ಮಧ್ಯೆ ಮಧ್ಯೆ ಇಳಿಸುತ್ತಲೇ ಇದ್ದರು. ಅಕ್ಟೋಬರಿನಲ್ಲಿ ವಿಸ್ಕಾನ್ಸಿನ್‌ನಲ್ಲಿ ಮೊದಲನೆಯವ ಡ್ರೂ ಅಲರ್ ಪೆಟ್ಟಾಗಿ ಕೂತಾಗ ಪ್ರಿಬುಲಾ ಬಂದು, ಒಂದು ಚೂರೂ ತಡವರಿಸದೆ 28-13ರಲ್ಲಿ ಗೆಲ್ಲಿಸಿದ. ಅಷ್ಟೇ ಗದ್ದಲದ ಮೈದಾನ, ಅಷ್ಟೇ ಕಷ್ಟ, ಫಲ ಮಾತ್ರ ಬೇರೆ. ಆಮೇಲೆ ಡಿಸೆಂಬರಿನಲ್ಲಿ ಏನಾಯಿತು? ಪ್ಲೇಆಫ್ ಶುರುವಾಗುವ ಮೊದಲೇ ಅವನು ಕಾಲೇಜು ಬದಲಿಸಲು ಹೆಸರು ಕೊಟ್ಟ. ಆ ವರ್ಷ ಕಾಲೇಜು ಬದಲಿಸುವ ಅವಧಿ ಶುರುವಾಗುತ್ತಿದ್ದುದೇ ಡಿಸೆಂಬರಿನಲ್ಲಿ, ಪ್ಲೇಆಫ್ ಮುಗಿಸಿ ನಿಧಾನಕ್ಕೆ ಹೋಗುತ್ತೇನೆ ಅಂದರೆ ಬೇರೆ ಕಡೆ ಜಾಗ ತುಂಬಿರುತ್ತಿತ್ತು. ಅದು ಹುಡುಗನ ತಪ್ಪಲ್ಲ, ಆಗಿನ ಕ್ಯಾಲೆಂಡರ್ ಹಾಕಿದವರ ತಪ್ಪು. ಬೆಳೆ ಕೊಯ್ಲಿನ ದಿನವೇ ಆಳುಗಳಿಗೆ ಬೇರೆ ಊರಿಗೆ ಹೋಗಲು ಬಸ್ ಬಿಟ್ಟ ಹಾಗೆ. ಆದರೂ ಅವನನ್ನು ಆಡಿಸಿದ್ದರಿಂದ ಪೆನ್ ಸ್ಟೇಟ್‌ಗೆ ನಷ್ಟ ಆಗಲಿಲ್ಲ, ವಿಸ್ಕಾನ್ಸಿನ್ ಗೆಲುವು ಯಾರೂ ಕಿತ್ತುಕೊಳ್ಳಲಿಲ್ಲವಲ್ಲ.

ತಮಾಷೆ ಏನೆಂದರೆ, ಅದೇ ಪೆನ್ ಸ್ಟೇಟ್ ಜನವರಿಯಲ್ಲಿ ಸೆಮಿಫೈನಲ್‌ಗೆ ಬಂತು. ಎದುರಿಗೆ ನೋಟರ್ ಡೇಮ್. ಮೊದಲರ್ಧ ಮುಗಿಯುವ ಹೊತ್ತಿಗೆ ನೋಟರ್ ಡೇಮ್‌ನ ರೈಲಿ ಲೆನರ್ಡ್‌ನನ್ನು ತಲೆಗೆ ಪೆಟ್ಟಾಗಿದೆಯಾ ಅಂತ ಪರೀಕ್ಷೆಗೆ ಒಳಗೆ ಕರೆದುಕೊಂಡು ಹೋದರು. ಸ್ಟೀವ್ ಆಂಜೆಲಿ ಅನ್ನುವ ಎರಡನೆಯವ ಬಂದು, ಹಾಕಿದ ಏಳು ಪಾಸ್‌ನಲ್ಲಿ ಆರು ಸರಿಯಾಗಿ ಮುಟ್ಟಿಸಿ, ಮೂರು ಅಂಕದ ಒಂದು ಫೀಲ್ಡ್ ಗೋಲ್ ತಂದುಕೊಟ್ಟು ಮತ್ತೆ ಟೊಪ್ಪಿ ಹಾಕಿಕೊಂಡು ನಿಂತ. ಲೆನರ್ಡ್ ವಾಪಸ್ ಬಂದ. ಕೊನೆಗೆ ನೋಟರ್ ಡೇಮ್ ಗೆದ್ದದ್ದು 27-24ರಲ್ಲಿ. ಮೂರು ಅಂಕ. ನಾನು ಆ ರಾತ್ರಿ ಭಾವನಿಗೆ ಫೋನ್ ಮಾಡಿದೆ, ಊರಲ್ಲಿ ಆಗ ಬೆಳಿಗ್ಗೆ, ದೋಸೆ ಹುಯ್ಯುವ ಸದ್ದು ಕೇಳುತ್ತಿತ್ತು.

2024ರಿಂದ ಪ್ಲೇಆಫ್‌ಗೆ 12 ತಂಡ ಬಂದ ಮೇಲೆ ಸೀಸನ್ ಉದ್ದವಾಗಿದೆ. ಆ ವರ್ಷ ಪ್ರಶಸ್ತಿ ಗೆದ್ದ ಓಹಿಯೋ ಸ್ಟೇಟ್ 16 ಮ್ಯಾಚ್ ಆಡಿತು. ಇಪ್ಪತ್ತು ಇಪ್ಪತ್ತೊಂದು ವರ್ಷದ ಹುಡುಗ 16 ಮ್ಯಾಚ್ ಏಟು ತಿನ್ನದೆ ಬರುತ್ತಾನೆ ಅಂತ ನಂಬಿ ಕೂರುವುದು ಮಳೆಗಾಲದಲ್ಲಿ ಕೊಡೆ ಮನೆಯಲ್ಲಿ ಬಿಟ್ಟು ಹೋದ ಹಾಗೆ. ಅದೇ ವರ್ಷ ಜಾರ್ಜಿಯಾದ ಮೊದಲನೆಯವ ಕಾರ್ಸನ್ ಬೆಕ್ ಮೊಣಕೈ ಪೆಟ್ಟಿನಿಂದ ಹೊರಗೆ ಬಿದ್ದು, ಗನ್ನರ್ ಸ್ಟಾಕ್‌ಟನ್ ಬಂದು ಟೆಕ್ಸಸ್ ವಿರುದ್ಧ ಹೆಚ್ಚುವರಿ ಆಟದಲ್ಲಿ 22-19 ಗೆಲ್ಲಿಸಿದ. ಆದರೆ ಅವನು ಮೊದಲಿನಿಂದ ಆಡಿದ ಮೊದಲ ಮ್ಯಾಚ್ ಯಾವುದು ಅಂದರೆ ನೇರವಾಗಿ ಪ್ಲೇಆಫ್, ಅಲ್ಲಿ ನೋಟರ್ ಡೇಮ್ ವಿರುದ್ಧ 23-10 ಸೋಲು. ಇನ್ನು ಫ್ಲಾರಿಡಾ ಸ್ಟೇಟ್‌ಗೆ 2023ರಲ್ಲಿ ಆಗಿದ್ದನ್ನು ಯಾವ ತಂಡಕ್ಕೂ ಹಾರೈಸಲಾರೆ. ನವೆಂಬರಿನಲ್ಲಿ ಜೋರ್ಡನ್ ಟ್ರಾವಿಸ್ ಕಾಲು ಮುರಿಯಿತು. ಎರಡನೆಯವ ಒಂದು ಮ್ಯಾಚ್ ಗೆಲ್ಲಿಸಿದ, ಅವನಿಗೂ ತಲೆಗೆ ಪೆಟ್ಟು. ಮೂರನೆಯವ, ಮೊದಲ ವರ್ಷದ ಹುಡುಗ, ಲೂಯಿವಿಲ್ ವಿರುದ್ಧ ಹೇಗೋ 16-6ರಲ್ಲಿ ದಡ ಸೇರಿಸಿದ. 13ಕ್ಕೆ 13 ಗೆದ್ದರು. ಆದರೂ ಆಯ್ಕೆ ಸಮಿತಿಯವರು ಟ್ರಾವಿಸ್ ಇಲ್ಲದ ಈ ತಂಡ ಮೊದಲಿನ ತಂಡವಲ್ಲ ಅಂತ ಹೇಳಿ ಆಗಿನ ನಾಲ್ಕು ತಂಡದ ಪ್ಲೇಆಫ್‌ನಿಂದ ಹೊರಗಿಟ್ಟರು. ಅದು ಅನ್ಯಾಯ ಅಂತ ನಾನೂ ಕೂಗಾಡಿದೆ, ಗೆದ್ದವರನ್ನು ಬಿಟ್ಟು ಇನ್ಯಾರನ್ನು ಕರೆಯಬೇಕು? ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಬೆಂಚಿನ ಹುಡುಗರು ಸೆಪ್ಟೆಂಬರಿನಲ್ಲೇ ಎಲ್ಲರ ಕಣ್ಣೆದುರು ನಿಜವಾದ ಆಟ ಆಡಿ ತೋರಿಸಿದ್ದರೆ, ಹಾಗೆ ಹೇಳಲು ಸಮಿತಿಗೆ ಅಷ್ಟು ಸುಲಭ ಆಗುತ್ತಿರಲಿಲ್ಲ.

ಕ್ಲೆಮ್ಸನ್ ಕಾಲೇಜಿನ ಕಥೆ ಒಂದನ್ನು ಹೇಳಿ ಮುಗಿಸುತ್ತೇನೆ, ಹೆಂಡತಿ ಆಗಲೇ ಎರಡು ಸಲ ಊಟಕ್ಕೆ ಕರೆದಾಯಿತು. 2018ರ ಸೆಪ್ಟೆಂಬರಿನಲ್ಲಿ ಅವರು ಹೊಸ ಹುಡುಗ ಟ್ರೆವರ್ ಲಾರೆನ್ಸ್‌ನನ್ನು ಮೊದಲನೆಯವ ಅಂದರು. ಅಲ್ಲಿವರೆಗೆ ಇದ್ದ ಕೆಲಿ ಬ್ರಯಾಂಟ್ ಬೇಸರಪಟ್ಟು ಅದೇ ವಾರ ತಂಡ ಬಿಟ್ಟ, ನಾಲ್ಕೇ ಮ್ಯಾಚ್ ಆಡಿದ್ದರಿಂದ ಅವನ ವರ್ಷವೂ ಉಳಿಯಿತು. ಶನಿವಾರ ಸಿರಾಕ್ಯೂಸ್ ವಿರುದ್ಧ ಲಾರೆನ್ಸ್‌ಗೆ ಪೆಟ್ಟಾಯಿತು! ನಿನ್ನೆ ಮೊನ್ನೆವರೆಗೆ ಮೂರನೆಯವನಾಗಿದ್ದ ಚೇಸ್ ಬ್ರೈಸ್ ಈಗ ಒಬ್ಬನೇ ಗತಿ. ಸೀಸನ್ ಶುರುವಿನ ಸುಲಭದ ಆಟದಲ್ಲಿ ಇವನನ್ನೂ ಇಳಿಸಿ ಎಸೆಯಲು ಬಿಟ್ಟಿದ್ದರು, ಪುಣ್ಯ. ನಾಲ್ಕನೇ ಕ್ವಾರ್ಟರಿನಲ್ಲಿ 23-13 ಹಿಂದೆ. ಕೊನೆಯ ಸರದಿ ಶುರುವಾಗಿದ್ದು ತಮ್ಮದೇ 6 ಯಾರ್ಡ್ ಗೆರೆಯಿಂದ. ನಾಲ್ಕನೇ ಪ್ರಯತ್ನ, ಇನ್ನೂ 6 ಯಾರ್ಡ್ ಬೇಕು, ತಪ್ಪಿದರೆ ಆಟ ಮುಗಿಯಿತು. ಬ್ರೈಸ್ ಎಸೆದ, ಟೀ ಹಿಗಿನ್ಸ್ ಹಿಡಿದ. 94 ಯಾರ್ಡ್ ನಡೆದು 27-23ರಲ್ಲಿ ಗೆದ್ದರು. ಕ್ಲೆಮ್ಸನ್ ಆ ವರ್ಷ 15ಕ್ಕೆ 15 ಗೆದ್ದು ಪ್ರಶಸ್ತಿ ಎತ್ತಿತು. ಪ್ರಶಸ್ತಿ ಹಿಡಿದ ಫೋಟೋದಲ್ಲಿ ಎಲ್ಲರೂ ಲಾರೆನ್ಸ್‌ನನ್ನೇ ಹುಡುಕಿದರು. ನಾನು ಬ್ರೈಸ್‌ನನ್ನು ಹುಡುಕಿದೆ.

ಆಗಸ್ಟ್ ಕೊನೆಗೆ ಮತ್ತೆ ಸೀಸನ್ ಶುರು. ಈ ಸಲ ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಪ್ರತಿ ಶನಿವಾರ ಎರಡನೆಯವ ಎಷ್ಟು ಹೊತ್ತಿಗೆ ಇಳಿದ, ಆಗ ಸ್ಕೋರ್ ಎಷ್ಟಿತ್ತು, ಎಷ್ಟು ಸಲ ಎಸೆದ, ಎಷ್ಟು ಸಲ ಸುಮ್ನೆ ಓಟಗಾರನ ಕೈಗೆ ಕೊಟ್ಟ, ಇಷ್ಟನ್ನು ಬರೆಯುತ್ತೇನೆ. ಡಿಸೆಂಬರಿನಲ್ಲಿ ನಿಮಗೂ ಒಂದು ಪ್ರತಿ ಕಳಿಸುತ್ತೇನೆ. ನೀವು ಹಾಕದಿದ್ದರೂ ಬೇಸರ ಇಲ್ಲ, ಕುಂದಾಪುರದಲ್ಲಿ ಒಬ್ಬರು ಈಗಲೇ ಕೇಳಿಯಾಗಿದೆ.

ಇಂತಿ,
ಕೊಲಂಬಸ್‌ನಿಂದ ನಿಮ್ಮ ಒಬ್ಬ ಓದುಗ